ಹೆಣ್ಣಿಲ್ಲದ ಸಾಮೂಹಿಕ ವಿವಾಹ

ಸಂಘದ ಮೀಟಿಂಗು ಅಂದರೆ ಕಲ್ಪನಾ ಈಚೆಗೆ ತಲೆನೋವು ಬರುವ ಮೊದಲೇ ಮಾತ್ರೆ ನುಂಗಿಬಿಡುತ್ತಾಳೆ. ಹೊನ್ನಾಳಿಯ ಶರಣಬಂಧು ಸೇವಾ ಸಂಘ ವರ್ಷಕ್ಕೊಮ್ಮೆ ಸಾಮೂಹಿಕ ವಿವಾಹ ಮಾಡಿಸುತ್ತದೆ. ಅದೊಂದು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ. ತಾಳಿ, ಸೀರೆ, ಪಂಚೆ, ಬಾಸಿಂಗ, ಊಟ, ಎಲ್ಲ ಸಂಘದ್ದೇ. ಹಳ್ಳಿ ಹಳ್ಳಿ ತಿರುಗಿ ಜೋಡಿಗಳ ಹೆಸರು ಬರೆಸುವುದು ಕಲ್ಪನಾಳ ಕೆಲಸ. ಮೊದಲೆಲ್ಲ ಪೆಂಡಾಲು ಸಾಲುತ್ತಿರಲಿಲ್ಲ. ಈ ಸಲ ಬಂದ ಜೋಡಿ ಎರಡೇ. ಓದಿದ ಹೆಣ್ಣುಮಕ್ಕಳು ಹೊಲ-ತೋಟದ ಗಂಡು ಬೇಡ ಅನ್ನುತ್ತಾರೆ. ಮದುವೆಯಾಗುವವರಿಗೆ ದೊಡ್ಡ ಛತ್ರ, ಡ್ರೋನ್ ಕ್ಯಾಮೆರಾ ಬೇಕು. ಹೆಣ್ಣು ಕೊಡಿಸಿ ಎಂದು ಆಫೀಸಿಗೆ ಬರುವ ಗಂಡುಗಳಿಗೇನೂ ಬರವಿಲ್ಲ. ನಲವತ್ತು ದಾಟಿದವರೂ ಕೂದಲಿಗೆ ಬಣ್ಣ ಹಚ್ಚಿಕೊಂಡು ಬರುತ್ತಾರೆ.

ಇದೇನು ನಿನ್ನೆ ಮೊನ್ನೆ ಶುರುವಾದದ್ದಲ್ಲ. ಏಳೆಂಟು ವರ್ಷದ ಹಿಂದೆ, ಗಂಡ ತೀರಿಕೊಂಡು, ಮಗಳನ್ನು ಸೊಂಟಕ್ಕೇರಿಸಿಕೊಂಡು ಸಂಘದ ಕೆಲಸಕ್ಕೆ ಸೇರಿದ ಹೊಸದರಲ್ಲಿ ಕಲ್ಪನಾ ಮೀಟಿಂಗಿನಲ್ಲಿ ಎದ್ದು ನಿಂತು ಹೇಳಿದ್ದಳು.

"ಕಾಲ ಬದಲಾಗಾಕೆ ಹತ್ತೈತೆ ಯಜಮಾನ್ರೇ. ಗಂಡ ಸತ್ತೋರಿಗೂ ಇದೇ ಪೆಂಡಾಲಿನಾಗೆ ಮದುವೆ ಮಾಡ್ಸೋಣ."

ಅಧ್ಯಕ್ಷ ಶಿವಮೂರ್ತಪ್ಪ ನಕ್ಕಿದ್ದರು. "ಹೆಣ್ಣಿಗೆ ಬಾಸಿಂಗ ಕಟ್ಟೋದು ಒಂದೇ ಸಲ ಕಣವ್ವಾ. ಆಮೇಲೇನಿದ್ರೂ ಉಡಿಕೆ."

ಉಡಿಕೆ ಎಂದರೆ ಓಲಗವಿಲ್ಲದೆ, ಮುತ್ತೈದೆಯರ ಕಣ್ಣಿಗೆ ಬೀಳದಂತೆ, ಕತ್ತಲಲ್ಲಿ ಸೀರೆ ಉಡಿಸಿ ಸಾಗಹಾಕುವುದು. ಆಗ ನ್ಯಾಮತಿಯ ಒಬ್ಬ ಮೇಷ್ಟ್ರು ಕಲ್ಪನಾಳನ್ನೇ ಕೇಳಿಕೊಂಡು ಬಂದಿದ್ದ. ಎಲ್ಲರೆದುರು ಆಗುವುದಾದರೆ ಸರಿ, ಕದ್ದುಮುಚ್ಚಿ ಬೇಡ ಎಂದಿದ್ದಳು ಅವಳು. ಸಂಘ ಒಪ್ಪಲಿಲ್ಲ. ಅವನು ಎರಡು ವರ್ಷ ಕಾದ, ಆಮೇಲೆ ಬೇರೆ ಕಡೆ ಮದುವೆಯಾದ. ಆ ಸಂಕಟವನ್ನು ಅವಳು ಯಾರ ಹತ್ತಿರವೂ ಹೇಳಿಕೊಳ್ಳಲಿಲ್ಲ.

ಈವತ್ತಿನ ಮೀಟಿಂಗು ಸಂಘದ ಮುಂದಿನ ಐದು ವರ್ಷದ ಯೋಜನೆಗೆ. ಶಿವಮೂರ್ತಪ್ಪ ಗಂಟಲು ಸರಿಮಾಡಿಕೊಂಡರು. "ಕಾಲ ಬದಲಾಗೈತೆ, ನಾವೂ ಬದಲಾಗ್ಬೇಕು. ಈ ವರ್ಷದಿಂದ ವಿಧವೆಯರಿಗೂ ಪೆಂಡಾಲಿನಾಗೇ, ಬಾಸಿಂಗ ಕಟ್ಟೇ ಮದುವೆ ಮಾಡ್ಸೋಣ."

ಚಪ್ಪಾಳೆ ಬಿತ್ತು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ! ಕಲ್ಪನಾಗೆ ಸಿಟ್ಟು ಬರಬೇಕಿತ್ತು, ಬರೀ ಆಯಾಸವಾಯಿತು.

"ಮೊದಲನೇ ಹೆಸರು ನಿಂದೇ ಆಗ್ಲವ್ವಾ," ಎಂದರು ಅವರು ಅವಳ ಕಡೆ ತಿರುಗಿ. "ನೀನು ಹಸೆ ಮೇಲೆ ಕೂತ್ರೆ ಉಳಿದೋರು ಧೈರ್ಯ ಮಾಡ್ತಾರೆ. ಇಲ್ಲಾಂದ್ರೆ ಈ ಸಲ ಪೆಂಡಾಲೂ ಇಲ್ಲ, ಸಂಘಾನೂ ಇಲ್ಲ. ಗಂಡು ಹೊರಗೇ ಕೂತೈತೆ, ಮಾತಾಡ್ಸು ಹೋಗು."

ಮದುವೆಯಾಗೋ ಗುಂಡಾ ಅಂದರೆ ನೀನೇ ನನ್ನ ಹೆಂಡತಿಯಾಗು ಅಂದ ಹಾಗಾಯಿತು.

ಹೊರಗೆ ಬೆಂಚಿನ ಮೇಲೆ ತ್ಯಾವಣಿಗೆಯ ಗುರುಬಸವರಾಜ್ ಕೂತಿದ್ದ. ತೋಟ, ಮನೆ, ಟ್ರ್ಯಾಕ್ಟರ್ ಎಲ್ಲ ಇದ್ದವನು. ಅವಳನ್ನು ಕಂಡು ಎದ್ದು ನಿಂತ. ಮಗಳು ಏನು ಓದುತ್ತಾಳೆ ಎಂದು ಮೊದಲು ಕೇಳಿದ. ಅದು ಕಲ್ಪನಾಗೆ ಹಿಡಿಸಿತು. ಹಿಡಿಸಿದ್ದಕ್ಕೆ ಹೆದರಿಕೆಯೂ ಆಯಿತು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬ್ಯಾಡ್ರಿ. ಮದುವೆ ಆಗದಿರೋ ಹೆಣ್ಣು ಸಿಕ್ಕಿದ್ರೆ ನೀವು ಇಲ್ಲಿಗೆ ಬರ್ತಿದ್ರಾ?"

ಅವನು ತಲೆ ತಗ್ಗಿಸಿದ. "ಸುಳ್ಳು ಯಾಕೆ ಹೇಳ್ಲಿ ರೀ. ಬರ್ತಿರ್ಲಿಲ್ಲ. ಹುಡುಕಿ ಹುಡುಕಿ ಸಾಕಾಗೈತೆ."

"ನನಗೂ ಸಾಕಾಗೈತೆ," ಎಂದಳು. ಇಬ್ಬರೂ ನಕ್ಕರು.

ಒಳ್ಳೆಯ ಮನುಷ್ಯ. ಹೂಂ ಅಂದರೆ ಜ್ವರ ಬಂದಾಗ ಒಂದು ಲೋಟ ನೀರು ಕೊಡುವವರು ಮನೆಯಲ್ಲಿರುತ್ತಾರೆ. ಅವಳಿಗೆ ಆಸೆಯಾಯಿತು, ನಿಜವಾಗಿಯೂ ಆಸೆಯಾಯಿತು. ಆದರೆ ಒಳಗಿನವರಿಗೆ ಬೇಕಾಗಿದ್ದುದು ಪೆಂಡಾಲು ತುಂಬುವುದು, ಇವನಿಗೆ ಬೇಕಾಗಿದ್ದುದು ಒಂದು ಹೆಣ್ಣು, ಯಾರಾದರೂ ಸರಿ. ಕಲ್ಪನಾನೇ ಬೇಕು ಎಂದು ಬಂದವನು ಒಬ್ಬನೇ ಒಬ್ಬ, ಆ ಮೇಷ್ಟ್ರು. ಅವನನ್ನು ಈ ಸಂಘದವರೇ ಕಾಯಿಸಿ ಕಳಿಸಿದರು.

ಅವಳು ಒಳಗೆ ಬಂದಳು.

"ಏನವ್ವಾ, ಬರ್ಕೊಳ್ಳಲಾ?" ಎಂದರು ಶಿವಮೂರ್ತಪ್ಪ.

"ಬರ್ಕೊಳ್ರಿ. ಕರಪತ್ರದಾಗೆ ಮರುಮದುವೆ ಅಂತ ದೊಡ್ಡದಾಗಿ ಹಾಕ್ಸ್ರಿ. ಬಸವಾಪಟ್ಟಣದಿಂದ ಬಿಳಿಚೋಡಿನ ತನಕ ನಾನೇ ಹಂಚಿ ಬರ್ತೀನಿ. ಆಸೆ ಇದ್ದೋರು ಬರ್ತಾರೆ. ನನ್ನ ಹೆಸರು ಬ್ಯಾಡ."

"ಅಲ್ಲವ್ವಾ, ಇದನ್ನ ಮೊದಲು ಕೇಳಿದೋಳು ನೀನೇ ಅಲ್ಲೇನು?"

"ಹೌದು ಯಜಮಾನ್ರೇ. ಆಗ ನನಗೆ ಗಂಡ ಬೇಕಿತ್ತು. ಈಗ ನಿಮಗೆ ಹೆಣ್ಣು ಬೇಕಾಗೈತೆ."

ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಅಳು ಬಂತು. ಅಳುತ್ತಲೇ ಹೊರಗೆ ಕೂತಿದ್ದವನಿಗೆ ಇಲ್ಲ ಅಂತ ಹೇಳಲು ಹೋದಳು.