ಸ್ಟಿಕ್ಕರಿನ ಅಡಿ

ಕನ್ನಡಿಯ ಮುಂದೆ ನಿಂತು ಪ್ರಮೀಳಾ ಹಣೆಯ ಸ್ಟಿಕ್ಕರ್ ಕಿತ್ತಳು. ಅಡಿಯಲ್ಲಿ ಚರ್ಮ ಕೆಂಪಗೆ ಸುಲಿದಿತ್ತು. ನಟ್ಟನಡುವೆ ಅವರೆಕಾಳಿನಷ್ಟು ಬಿಳಿ ಮಚ್ಚೆ. ಹೋದ ತಿಂಗಳು ಸಾಸಿವೆಯಷ್ಟಿದ್ದಾಗಲೇ ತೊನ್ನು ಎಂದು ಅವಳು ಹೆದರಿದ್ದಳು. ಮಗಳು ಮೋನಿಕಾಳಿಗೆ ಅಮೃತೂರಿನ ಸಂಬಂಧ ಕೂಡಿಬರುತ್ತಿದ್ದ ಹೊತ್ತು. ತಾಯಿಗೆ ತೊನ್ನು ಎಂದು ಗೊತ್ತಾದರೆ ಹುಡುಗಿಯನ್ನು ಯಾರು ಒಪ್ಪುತ್ತಾರೆ? ಮಚ್ಚೆ ಮುಚ್ಚಲು ದೊಡ್ಡ ಸ್ಟಿಕ್ಕರ್ ಅಂಟಿಸಿದಳು. ಮಚ್ಚೆ ಬೆಳೆದಂತೆ ಅದಕ್ಕಿಂತ ದೊಡ್ಡದು.

"ಏನೇ, ದಿನೇ ದಿನೇ ಅಮ್ಮನೋರ ಥರ ಆಯ್ತಿದೀಯ," ಎಂದು ಗಂಡ ಹನುಮಂತರಾಜು ನಗುತ್ತಿದ್ದ.

ತುರಿಕೆ ತಡೆಯಲಾರದೆ, ಯಾರಿಗೂ ಹೇಳದೆ, ಅವತ್ತು ಗುಬ್ಬಿಯಲ್ಲಿ ಬಸ್ಸು ಹತ್ತಿ ತುಮಕೂರಿನ ಸದಾಶಿವನಗರದ ಚರ್ಮದ ಡಾಕ್ಟರ ಹತ್ತಿರ ಹೋದಳು.

"ತೊನ್ನಲ್ಲಮ್ಮ, ಇದು ಇಸುಬು," ಎಂದರು ಡಾಕ್ಟರ್ ಸಂಹಿತಾ. "ಇಸುಬಲ್ಲೂ ಬೇರೆ ಬೇರೆ ಥರ ಇರುತ್ತೆ. ಕೆಲವರಿಗೆ ಚಿಕ್ಕಂದಿನಿಂದ್ಲೇ ಬರುತ್ತೆ, ಕೆಲವರಿಗೆ ಏನಾದ್ರೂ ತಾಗಿ ಬರುತ್ತೆ. ನಿಮಗೆ ಸ್ಟಿಕ್ಕರ್ ಗೋಂದು ತಾಗಿದೆ. ಚರ್ಮದ ಬಣ್ಣಾನೂ ಅದೇ ತಿಂದಿದೆ. ಈ ಮುಲಾಮು ಬಿಟ್ಟು ಹಣೆಗೆ ಏನೂ ಹಚ್ಚಬೇಡಿ. ಕುಂಕುಮಾನೂ ಬೇಡ."

"ಬಿಳುಪು ಹೋಗುತ್ತಾ ಮೇಡಂ?"

"ಹೋಗಬಹುದು. ಟೈಮ್ ಹಿಡಿಯುತ್ತೆ."

ಬಸ್ಸಿನಲ್ಲಿ ಊರಿಗೆ ಬರುವಾಗಲೂ ಭಯ ಹೋಗಲಿಲ್ಲ, ಬೇರೆ ಭಯ ಬಂತು. ಗಂಡ ಗಟ್ಟಿಮುಟ್ಟಾಗಿರುವಾಗ ಬೋಳು ಹಣೆಯಲ್ಲಿ ಬೀಗರ ಮುಂದೆ ನಿಲ್ಲುವುದು ಹೇಗೆ?

ಭಾನುವಾರ ಅಮೃತೂರಿನವರು ಬಂದರು. ಪ್ರಮೀಳಾ ಕೂದಲನ್ನು ಹಣೆಯ ಮೇಲೆ ಬಾಚಿಕೊಂಡು ಅಡುಗೆಮನೆಯಲ್ಲೇ ಉಳಿದಳು. ಹುಡುಗನ ತಾಯಿ ತಿಪ್ಪಮ್ಮನಿಗೆ ಮೋನಿಕಾ ಹಿಡಿಸಿದಳು. ತಿಪ್ಪಮ್ಮನ ಹಣೆಯಲ್ಲೂ ರೂಪಾಯಿಯಗಲ ಸ್ಟಿಕ್ಕರ್ ಇತ್ತು.

ಹೊರಡುವಾಗ ಪ್ರಮೀಳಾ ಅರಿಶಿನ ಕುಂಕುಮದ ತಟ್ಟೆ ಹಿಡಿದಳು. ತಿಪ್ಪಮ್ಮ ತಾನು ಹಚ್ಚಿಕೊಂಡು, ವಾಡಿಕೆಯಂತೆ ಪ್ರಮೀಳಾಳ ಹಣೆಗೂ ಇಡಲು ಕುಂಕುಮದ ಬೆರಳೆತ್ತಿದಳು.

"ಬ್ಯಾಡಿ."

ಪ್ರಮೀಳಾ ಹಿಂದೆ ಸರಿದಿದ್ದಳು. ಕುಂಕುಮ ಬೇಡವೆನ್ನುವ ಮುತ್ತೈದೆ ಎಲ್ಲಾದರೂ ಉಂಟೇ? ಎಲ್ಲ ಕೆಟ್ಟಿತು ಅನಿಸಿತು.

"ತೊನ್ನಲ್ಲ ಕಣಕ್ಕ, ದೇವ್ರಾಣೆ. ಸ್ಟಿಕ್ಕರ್ ಗೋಂದಿಗೆ ಹಿಂಗಾಗೈತೆ. ಹಣೆಗೆ ಏನೂ ಮುಟ್ಟಿಸ್ಬ್ಯಾಡಿ ಅಂದವ್ರೆ ಡಾಕ್ಟ್ರು."

ತಿಪ್ಪಮ್ಮ ಅವಳ ಕೂದಲು ಸರಿಸಿ ತುಂಬ ಹೊತ್ತು ನೋಡಿದಳು. ಆಮೇಲೆ ಕುಂಕುಮವನ್ನು ಅವಳ ತಾಳಿಗೆ ಇಟ್ಟಳು.

"ಆ ಡಾಕ್ಟ್ರು ಎಲ್ಲವ್ರೆ?" ಎಂದು ಬೇರೆ ಯಾರಿಗೂ ಕೇಳಿಸದಂತೆ ಕೇಳಿದಳು. ಅವಳ ಉಗುರು ತನ್ನ ಸ್ಟಿಕ್ಕರಿನ ಅಂಚನ್ನು ಮೆಲ್ಲಗೆ ಕೆರೆಯುತ್ತಿತ್ತು.