ಸಿಗಡಿ ಶೆಡ್ಡಿನ ಗೋಡೆಯ ಫೋನು ನಾನು

ನಾನೊಂದು ಫೋನು. ಕಿಸೆಯಲ್ಲಿಟ್ಟುಕೊಂಡು ತಿರುಗುವ ಜಾತಿಯಲ್ಲ, ಗೋಡೆಗೆ ಮೊಳೆ ಹೊಡೆದು ತೂಗುಹಾಕುವ ಜಾತಿ. ಹಳೇ ಟೆಲಿಫೋನಿನ ತಂತಿ ನನಗಿಲ್ಲ. ಕಂಪ್ಯೂಟರಿಗೆ ಹೋಗುವ ಇಂಟರ್ನೆಟ್ ಕೇಬಲ್ಲೇ ನನ್ನ ಬೆನ್ನಿಗೂ ಬರುತ್ತದೆ. ಕರೆಂಟೂ ಅದರಲ್ಲೇ, ಮಾತೂ ಅದರಲ್ಲೇ. ಅನ್ನ ಕೊಡುವ ಕೈಯೇ ಬಾಯನ್ನೂ ಕಟ್ಟಬಲ್ಲದು ಎಂಬುದು ದುಡಿದು ತಿನ್ನುವವರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಕೈಗವಸು ಹಾಕಿದ ಹುಡುಗಿಯರ ಸಾಲು ನನ್ನನ್ನು ಜೋಡಿಸಿತು. ಕೊನೆಯವಳು ನನ್ನ ಬಾಯಿಗೆ ತುಟಿ ಹಚ್ಚಿ ಅವಳ ಭಾಷೆಯಲ್ಲಿ ಒಂದೇ ಒಂದು ಪದ ಹೇಳಿದಳು, ನನ್ನ ಕಿವಿಯಲ್ಲಿ ಅದು ಕೇಳಿತೋ ಇಲ್ಲವೋ ನೋಡಿದಳು, ಪೆಟ್ಟಿಗೆಗೆ ಹಾಕಿದಳು. ಅವಳ ಮುಖ ಕಂಡದ್ದು ಅಷ್ಟೇ.

ಅಲ್ಲೇ ನನ್ನ ತಲೆಯೊಳಗೆ ಎರಡು ನಿಯಮ ಬರೆದರು. ಮೊದಲನೆಯದು: ಕೇಬಲ್ ಚುಚ್ಚಿದ ಕೂಡಲೇ ಸ್ವಿಚ್ಚನ್ನು ಕೇಳು. ಸ್ವಿಚ್ಚು ಅಂದರೆ ದೀಪ ಹಾಕುವ ಗುಂಡಿಯಲ್ಲ; ಹತ್ತಾರು ಕೇಬಲ್ಲುಗಳು ಬಂದು ಸೇರುವ, ಯಾವುದು ಯಾವ ದಾರಿಯಲ್ಲಿ ಹೋಗಬೇಕೆಂದು ತೀರ್ಮಾನಿಸುವ ತಗಡಿನ ಪೆಟ್ಟಿಗೆ. "ಮಾತಿಗೆಂದು ಬೇರೆ ದಾರಿ ಇಟ್ಟಿದ್ದೀಯಾ?" ಎಂದು ನಮ್ಮ ಕಂಪನಿಯ ಮನೆಮಾತಿನಲ್ಲಿ ನಾನು ಕೇಳಬೇಕು. ಎರಡನೆಯದು: ತಡವಾಗಿ ಬಂದ ಮಾತನ್ನು ಬಿಸಾಡು. ಮಾತು ಚೂರುಚೂರಾಗಿ ಬರುತ್ತದೆ. ಹೊತ್ತಿಗೆ ಸರಿಯಾಗಿ ಬಂದ ಚೂರನ್ನಷ್ಟೇ ಜೋಡಿಸಿ ಕಿವಿಗೆ ಕೊಡಬೇಕು. ಹಿಂದುಳಿದದ್ದು ಕಸ.

ಮೊದಲು ಮಂಗಳೂರಿನ ದೊಡ್ಡ ಕಚೇರಿಯೊಂದರಲ್ಲಿ ನೇತಾಡಿದೆ. ಅಲ್ಲಿನ ಸ್ವಿಚ್ಚು ನಮ್ಮ ಕಂಪನಿಯದೇ. ನಾನು ಕೇಳಿದೆ, ಅದು ದಾರಿ ತೋರಿಸಿತು. ಏಳು ವರ್ಷ ನನ್ನಲ್ಲಿ ಮಾತಿನ ಒಂದು ಅಕ್ಷರವೂ ಕಳೆದುಹೋಗಲಿಲ್ಲ. ಆ ಕಚೇರಿ ಬಾಗಿಲು ಹಾಕಿದಾಗ ಸಾಮಾನಿನ ಜೊತೆ ನಾನೂ ಆ ಸ್ವಿಚ್ಚೂ ಕೈ ಬದಲಾಯಿಸಿ ಉತ್ತರ ಕನ್ನಡದ ಕಡಲಂಚಿನ ಒಂದು ಸಿಗಡಿ ಕಾರ್ಖಾನೆಗೆ ಬಂದೆವು.

ಶೆಡ್ಡಿಗೆ ಕಿಟಕಿ ಇಲ್ಲ. ನಲವತ್ತೆರಡು ಹೆಂಗಸರು ಒದ್ದೆ ನೆಲದಲ್ಲಿ ನಿಂತು ಮಂಜುನೀರಿನೊಳಗೆ ಕೈ ಅದ್ದಿ ಸಿಗಡಿ ಸುಲಿಯುತ್ತಿದ್ದರು. ಬೆರಳ ತುದಿಯ ಚರ್ಮ ಬಿಳಿಚಿ ಸುಲಿದು ಬರುತ್ತಿತ್ತು. ಅವರ ಮೊಬೈಲುಗಳನ್ನು ಗೇಟಿನಲ್ಲೇ ಕಸಿದು ಡಬ್ಬಿಗೆ ಹಾಕುತ್ತಿದ್ದರು. ಮಾತಾಡಿದರೆ ಕೈ ನಿಧಾನವಾಗುತ್ತದಂತೆ. ಹೊರಗಿನ ಲೋಕದಿಂದ ಅವರಿಗೆ ಒಂದು ಮಾತು ಬರಬೇಕಾದರೆ ನನ್ನ ಮೂಲಕವೇ ಬರಬೇಕು.

ಆ ಮಾತು ಎಂಥದು ಎಂದು ಹೇಳುತ್ತೇನೆ. ಶೆಡ್ಡಿನ ಪಕ್ಕದಲ್ಲೇ ಕಂಪ್ರೆಸರ್ ಮನೆ. ಕೋಲ್ಡ್ ಸ್ಟೋರೇಜಿಗೆ ತಂಪು ಕೊಡುವ ಅಮೋನಿಯಾ ಗ್ಯಾಸು ಅಲ್ಲಿನ ಪೈಪುಗಳಲ್ಲಿ ಓಡುತ್ತದೆ. ಸೋರಿದರೆ ಮೊದಲು ಕಣ್ಣು, ಆಮೇಲೆ ಗಂಟಲು, ಆಮೇಲೆ ಉಸಿರು. ಶೆಡ್ಡಿಗೆ ಎರಡು ಬಾಗಿಲು: ಒಂದು ಕಡಲಿಗೆ, ಒಂದು ರಸ್ತೆಗೆ. ಗಾಳಿ ಗ್ಯಾಸನ್ನು ಯಾವ ಕಡೆ ಒಯ್ಯುತ್ತಿದೆಯೋ ಅದಕ್ಕೆ ವಿರುದ್ಧ ದಿಕ್ಕಿನ ಬಾಗಿಲಿಂದ ಓಡಬೇಕು. ಸೈರನ್ ಇತ್ತು, ಆದರೆ ಸೈರನ್ನಿಗೆ ಓಡು ಅನ್ನುವುದು ಗೊತ್ತು, ಎಲ್ಲಿಗೆ ಅನ್ನುವುದು ಗೊತ್ತಿಲ್ಲ. ಗಾಳಿ ತೋರಿಸುವ ಬಟ್ಟೆಯ ಚೀಲ ಕಂಪ್ರೆಸರ್ ಮನೆಯ ಮೇಲಿತ್ತು. ಅದನ್ನು ನೋಡಿ ಆಪರೇಟರ್ ಜಟ್ಟಪ್ಪ ನಾಯ್ಕ ನನಗೆ ಕರೆ ಮಾಡಿ "ಕಡಲಬಾಗಿಲು" ಅಥವಾ "ರಸ್ತೆಬಾಗಿಲು" ಅನ್ನಬೇಕು. ನಲವತ್ತೆರಡು ಜೀವಕ್ಕೆ ಒಂದು ಪದ. ಅದನ್ನು ಎತ್ತಿಕೊಳ್ಳಬೇಕಾದವಳು ಸಾಲಿನ ಹಿರಿಯಳು, ತುಳಸಿ ಹರಿಕಂತ್ರ. ಎಲ್ಲರ ಬಾಯಲ್ಲಿ ತುಳಸಕ್ಕ.

ಪ್ರತಿ ರವಿವಾರ ಹನ್ನೊಂದಕ್ಕೆ ಪರೀಕ್ಷೆ. ರವಿವಾರವೇ ಯಾಕೆ? ಕೆಲಸದ ದಿನ ಮಾಡಿದರೆ ಕೈಗಳು ನಿಲ್ಲುತ್ತವೆ. ರಜೆಯ ದಿನ ಖಾಲಿ ಶೆಡ್ಡಿನಲ್ಲಿ ಮ್ಯಾನೇಜರ್ ನನ್ನನ್ನು ಎತ್ತುತ್ತಿದ್ದರು. ಆಚೆಯಿಂದ ಜಟ್ಟಪ್ಪ, "ಕೇಳ್ತದಾ ಸಾಹೇಬ್ರೇ?" "ಕೇಳ್ತದೆ." ಪುಸ್ತಕದಲ್ಲಿ ಸಹಿ. ಮುಗಿಯಿತು.

ಮೂರನೇ ಮಳೆಗಾಲದಲ್ಲಿ ಸಿಡಿಲು ಬಡಿದು ನಮ್ಮ ಹಳೇ ಸ್ವಿಚ್ಚು ಸುಟ್ಟುಹೋಯಿತು. ಅದರ ಜಾಗಕ್ಕೆ ಬೇರೆ ಕಂಪನಿಯದೊಂದು ಬಂತು, ಅದರ ಬೆನ್ನಿಗೇ ಎಂಟು ಕ್ಯಾಮೆರಾ. ಯಾರ ಕೈ ಎಷ್ಟು ಓಡುತ್ತದೆ, ಯಾರು ಸಿಗಡಿಯನ್ನು ಸೆರಗಿಗೆ ಹಾಕಿಕೊಳ್ಳುತ್ತಾರೆ ಎಂದು ಹೆಡ್ ಆಫೀಸಿನವರು ಕೂತಲ್ಲಿಂದಲೇ ನೋಡಬೇಕಂತೆ.

ಹೊಸ ಸ್ವಿಚ್ಚು ನನಗೆ ಕರೆಂಟು ಕೊಟ್ಟಿತು. ಹಸಿರು ದೀಪ ಹೊತ್ತಿತು, ಪರದೆಯ ಮೇಲೆ ಗಂಟೆ ಮೂಡಿತು. ನಾನು ಕೇಳಿದೆ: "ಮಾತಿಗೆ ಬೇರೆ ದಾರಿ ಇಟ್ಟಿದ್ದೀಯಾ?" ಉತ್ತರ ಇಲ್ಲ. ಮತ್ತೆ ಕೇಳಿದೆ. ಇಲ್ಲ. ಅದಕ್ಕೆ ನನ್ನ ಮನೆಮಾತು ಬರುತ್ತಿರಲಿಲ್ಲ. ಕೊನೆಗೆ ಎಲ್ಲರೂ ನುಗ್ಗುವ ದಾರಿಯಲ್ಲೇ, ಆ ಎಂಟು ಕ್ಯಾಮೆರಾಗಳ ಕಾಲ ಸಂದಿಯಲ್ಲಿ ಮಾತನ್ನು ಎಳೆದುಕೊಂಡು ಹೊರಟೆ.

ಆ ಕ್ಯಾಮೆರಾಗಳ ಗುಣ ಒಂದಿದೆ. ಎದುರಿಗೆ ಏನೂ ಅಲುಗದಿದ್ದರೆ ಸುಮ್ಮನಿರುತ್ತವೆ. ಅಲುಗಿದ ಕೂಡಲೇ ಚಿತ್ರ ಕಳಿಸಲು ತೊಡಗುತ್ತವೆ. ಹೆಂಗಸರ ಕೈ ಆಡಿದಷ್ಟೂ ದಾರಿ ತುಂಬುತ್ತದೆ, ಮಾತಿನ ಚೂರುಗಳು ಹಿಂದುಳಿಯುತ್ತವೆ, ನಾನು ಬಿಸಾಡುತ್ತೇನೆ. ಕೆಲಸದ ದಿನ ನಾನು ಮೂಕ. ರವಿವಾರ ಸ್ಪಷ್ಟ.

ತುಳಸಕ್ಕನಿಗೆ ಮೊದಲ ವಾರದಲ್ಲೇ ಗೊತ್ತಾಯಿತು. ಚಹದ ಹೊತ್ತಿಗೆ ಅವಳು ಜಟ್ಟಪ್ಪನನ್ನು ಹಿಡಿದಳು.

"ಜಟ್ಟಣ್ಣ, ನೀ ಬುಧವಾರ ಫೋನ್ ಮಾಡಿ ಎಂಥ ಹೇಳ್ದೆ?"

"ಐಸ್ ಸಾಕಾ ಅಂತ ಕೇಳ್ದೆ."

"ನಂಗೆ ಕೇಳಿದ್ದು ಬಾವಿಗೆ ಬಿದ್ದವ ಉಸಿರು ಬಿಟ್ಟ ಹಾಗೆ. ಒಂದಕ್ಷರ ಇಲ್ಲ."

"ನಿನ್ನ ಕಿವಿ ನೋಡ್ಸ್ಕೋ ಮಾರಾಯ್ತಿ."

"ನನ್ನ ಕಿವಿಗೆ ನನ್ನ ಗಂಡ ಹೊಳೆ ಆಚೆ ಬೈದ್ರೂ ಕೇಳ್ತದೆ. ನಿನ್ನ ಫೋನು ನೋಡ್ಸು."

ದುರಸ್ತಿಗೆ ಭಟ್ಕಳದಿಂದ ಸುಹೇಲ್ ಬಂದ. ಏಣಿ ಹತ್ತಿ ಸ್ವಿಚ್ಚು ನೋಡಿ, ಇಳಿದು ನನ್ನನ್ನು ನೋಡಿ, ತುಳಸಕ್ಕನ ಎದುರಿಗೇ ಮ್ಯಾನೇಜರಿಗೆ ಹೇಳಿದ. "ಸರ್, ಫೋನ್ ಒಂದು ಕಂಪನಿಯದು, ಸ್ವಿಚ್ ಇನ್ನೊಂದು ಕಂಪನಿಯದು. ಹಾಗಂತ ಹಾಳೇನಲ್ಲ. ಎರಡಕ್ಕೂ ಬರೋ ಭಾಷೆ ಒಂದುಂಟು. ಎರಡೂ ಕಡೆ ಅದನ್ನ ಆನ್ ಮಾಡಿ ಮಾತಿಗೆ ಬೇರೆ ದಾರಿ ಹಾಕ್ಬೇಕು. ಅರ್ಧ ಗಂಟೆ ಕೆಲಸ. ಈಗ ಕ್ಯಾಮೆರಾ ಓಡುವಾಗ ಇದರಲ್ಲಿ ಮಾತು ಬರೋದಿಲ್ಲ."

"ಅರ್ಧ ಗಂಟೆ ಕ್ಯಾಮೆರಾ ನಿಲ್ತವಾ?"

"ನಿಲ್ತವೆ."

"ಹಾಗಾದ್ರೆ ಬೇಡ. ಹೆಡ್ ಆಫೀಸಿನವರು ನನ್ನ ಚರ್ಮ ಸುಲೀತಾರೆ. ರವಿವಾರ ಬಾ, ನೋಡುವ."

ರವಿವಾರ ಬಂದ. ಶೆಡ್ಡು ಖಾಲಿ. ಮ್ಯಾನೇಜರ್ ನನ್ನನ್ನು ಎತ್ತಿದರು. ಜಟ್ಟಪ್ಪನ ಮಾತು ಗಂಟೆ ಹೊಡೆದ ಹಾಗೆ ಬಂತು. "ಬರೋದಿಲ್ಲ ಅಂದ್ಯಲ್ಲ? ದೀಪ ಉಂಟು, ಟೈಮ್ ತೋರಿಸ್ತದೆ, ಮಾತೂ ಉಂಟು. ಸರಿ ಇದ್ದದ್ದನ್ನ ಕೆಡಿಸ್ಲಿಕ್ಕೆ ಬಂದ್ಯಾ?" ಸುಹೇಲ್ ಏಣಿ ಹೊತ್ತು ಹೋದ. ಆಮೇಲೆ ಅವನನ್ನು ಯಾರೂ ಕರೆಯಲಿಲ್ಲ. ಶೆಡ್ಡಿನೊಳಗೆ ಒಂದೇ ಒಂದು ಮೊಬೈಲಾದರೂ ಇರಲಿ ಎಂದು ತುಳಸಕ್ಕ ಎರಡು ಸಲ ಕೇಳಿದಳು. ಎರಡನೇ ಸಲ ಅವಳ ಜಾಗವನ್ನು ಕ್ಯಾಮೆರಾದ ನೇರ ಕೆಳಗೆ ಬದಲಾಯಿಸಿದರು.

ಮರುವರ್ಷದ ಮೇ ತಿಂಗಳ ಒಂದು ಗುರುವಾರ. ಮಧ್ಯಾಹ್ನ ಮೂರು ದಾಟಿತ್ತು. ಮಳೆಗಾಲಕ್ಕೆ ಮೊದಲಿನ ಕೊನೆಯ ಮಾಲು. ಎಲ್ಲ ಮೇಜೂ ತುಂಬಿ ಎಂಬತ್ತನಾಲ್ಕು ಕೈ ಒಟ್ಟಿಗೆ ಓಡುತ್ತಿದ್ದವು. ಸೈರನ್ ಕೂಗಿತು. ಆ ಹಿಂದೆಯೇ ನಾನು ರಿಂಗಾದೆ.

ನೀವು ಕೇಳಬಹುದು, ಮಾತು ಬಾರದವನಿಗೆ ರಿಂಗು ಹೇಗೆ ಬಂತು? ರಿಂಗು ಚಿಕ್ಕ ಸಂದೇಶ. ತಲುಪದಿದ್ದರೆ ಮತ್ತೆ ಮತ್ತೆ ಕಳಿಸುತ್ತಾರೆ. ಮಾತನ್ನು ಯಾರೂ ಎರಡನೇ ಸಲ ಕಳಿಸುವುದಿಲ್ಲ.

ತುಳಸಕ್ಕ ಸಿಗಡಿಯ ಕೈಯಲ್ಲೇ ನನ್ನನ್ನು ಕಿತ್ತುಕೊಂಡಳು. "ಹೇಳೋ ಜಟ್ಟಣ್ಣ! ಯಾವ ಬಾಗಿಲು?" ಹೆಂಗಸರು ಮೇಜು ಬಿಟ್ಟು ಓಡಾಡುತ್ತಿದ್ದರು, ಕ್ಯಾಮೆರಾಗಳು ಹುಚ್ಚೆದ್ದು ಚಿತ್ರ ಕಳಿಸುತ್ತಿದ್ದವು. ಜಟ್ಟಪ್ಪ ಆ ಪದ ಹೇಳಿದ್ದ. ಐದು ಸಲ ಹೇಳಿದ. ಅದು ನನ್ನ ಕೈಗೆ ಬಂದು ಸೇರಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ತಡವಾಗಿತ್ತು. ನಿಯಮದಂತೆ ಐದೂ ಸಲ ಬಿಸಾಡಿದೆ. ಅವಳ ಕಿವಿಗೆ ಕೊಟ್ಟದ್ದು ಬರೀ ಮೌನ.

ಅವಳು ನನ್ನನ್ನು ಕೈಬಿಟ್ಟು ತಿರುಗಿದಳು. ಮೀನುಗಾರರ ಮಗಳು, ಗಾಳಿ ಅವಳಿಗೆ ಹುಟ್ಟಿನಿಂದ ಗೊತ್ತು. "ಮಧ್ಯಾಹ್ನದ ಮೇಲೆ ಗಾಳಿ ಕಡಲಿಂದಲೇ ಬರೂದು! ಕಡಲಬಾಗಿಲಿಗೆ ನಡೀರೇ!" ಕೇರಿಯಲ್ಲಿ ನಿಂತು ಹೇಳಿದ್ದರೆ ಅವಳ ಲೆಕ್ಕ ತಪ್ಪುತ್ತಿರಲಿಲ್ಲ. ಆದರೆ ಬೆಳಿಗ್ಗೆ ಏಳರಿಂದ ಕಿಟಕಿಯಿಲ್ಲದ ಗೋಡೆಯೊಳಗೆ ಇದ್ದವರು ಅವರು. ಹೊರಗೆ ಮಳೆಮೋಡ ಕವಿದು ಗಾಳಿ ತಿರುಗಿದ್ದು, ಘಟ್ಟದ ಕಡೆಯಿಂದ ಕಡಲಿಗೆ ನುಗ್ಗುತ್ತಿದ್ದುದು ಯಾರಿಗೆ ಗೊತ್ತು? ಬಿಳಿ ಮೋಡದಂಥ ಗ್ಯಾಸು ನಿಂತಿದ್ದದ್ದು ಕಡಲಬಾಗಿಲ ಎದುರಿಗೇ.

ನಲವತ್ತೆರಡು ಮಂದಿ ಬಾಗಿಲಿಗೆ ಬಿದ್ದರು. ಬಾಗಿಲು ತೆರೆಯಲಿಲ್ಲ. ಆಚೆಯಿಂದ ಯಾರೋ ಅದುಮಿ ಹಿಡಿದಿದ್ದರು. ಹಲಗೆಯ ಹಿಂದಿನಿಂದ ಹರಿದ ದನಿ: "ಇದು ಬೇಡ! ರಸ್ತೆಬಾಗಿಲು! ರಸ್ತೆಬಾಗಿಲು!"

ಜಟ್ಟಪ್ಪ. ಫೋನಿನಲ್ಲಿ ತುಳಸಕ್ಕನ ಕೂಗು ಅವನಿಗೂ ತಲುಪಿರಲಿಲ್ಲ; ಉತ್ತರ ಬಾರದ್ದು ಕಂಡು ಒದ್ದೆ ಟವೆಲ್ ಮುಖಕ್ಕೆ ಸುತ್ತಿ ಗ್ಯಾಸಿನೊಳಗೇ ಓಡಿ ಬಂದಿದ್ದ. ಗ್ಯಾಸು ತಡೆಯುವ ಮುಖವಾಡ ಇತ್ತು, ಬೀರುವಿನಲ್ಲಿ. ಬೀರುವಿನ ಕೀಲಿ ಆಫೀಸಿನಲ್ಲಿತ್ತು. ಒಳಗಿನಿಂದ ಬಡಿಯುವ ಕೈಗಳು ನಿಂತು, ಹೆಜ್ಜೆಗಳೆಲ್ಲ ರಸ್ತೆಯ ಕಡೆಗೆ ಹೋಗುವ ತನಕ ಅವನು ಬಾಗಿಲು ಬಿಡಲಿಲ್ಲ. ಕೂಗು ನಿಂತ ಮೇಲೆ ಹಲಗೆಗೆ ಏನೋ ಜಾರಿಕೊಂಡು ಕೆಳಗೆ ಹೋದ ಸದ್ದು ಕೇಳಿದೆ. ಶೆಡ್ಡಿನಲ್ಲಿ ಉಳಿದದ್ದು ನಾನೊಬ್ಬನೇ, ವಯರಿಗೆ ನೇತಾಡಿಕೊಂಡು.

ಹೆಂಗಸರು ಎಲ್ಲ ಬದುಕಿದರು. ಜಟ್ಟಪ್ಪನೂ ಬದುಕಿದ. ಆದರೆ ಗಂಟಲು ಸುಟ್ಟುಹೋಗಿತ್ತು. ಮತ್ತೆ ಅವನಿಗೆ ದನಿ ಬರಲಿಲ್ಲ.

ತಿಂಗಳಾದ ಮೇಲೆ ತನಿಖೆಗೆ ಸರ್ಕಾರದ ಅಧಿಕಾರಿ ಬಂದರು. ಕಾರ್ಖಾನೆ ನಿಂತಿತ್ತು. ಕಂಪ್ರೆಸರ್ ಮನೆಯಿಂದ ಕರೆ ಮಾಡಿಸಿ ನನ್ನನ್ನು ಎತ್ತಿ ನೋಡಿದರು, ಮಾತು ಸ್ಪಷ್ಟ. ಮ್ಯಾನೇಜರ್ ರವಿವಾರದ ಸಹಿಗಳ ಪುಸ್ತಕ ತೋರಿಸಿದರು. ಹೇಳಿದ್ದು ಇಷ್ಟು: "ಫೋನ್ ಸರಿ ಇದೆ. ಆಪರೇಟರ್ ಜಾಗ ಬಿಟ್ಟು ಓಡಿದ್ದಾನೆ. ಅಷ್ಟೇ ಅಲ್ಲ, ಆಪತ್ತಿನ ಬಾಗಿಲನ್ನ ಹೊರಗಿನಿಂದ ಹಿಡಿದು ಮುಚ್ಚಿದ್ದಾನೆ. ನಲವತ್ತೆರಡು ಜನರನ್ನ ಕೊಲ್ತಿದ್ದ." ಜಟ್ಟಪ್ಪನ ಕೆಲಸ ಆಗಲೇ ಹೋಗಿತ್ತು. ಈಗ ಮೊಕದ್ದಮೆಯೂ ಬಿತ್ತು.

ಗೇಟಿನಲ್ಲಿ ಗಲಾಟೆ. ತುಳಸಕ್ಕ ಮುಂದೆ, ಹಿಂದೆ ಎಲ್ಲರೂ. ಕಾವಲುಗಾರನನ್ನು ತಳ್ಳಿಕೊಂಡೇ ಒಳಗೆ ಬಂದರು. "ಸಾಹೇಬ್ರೇ, ಖಾಲಿ ಶೆಡ್ಡಲ್ಲಿ ನೋಡಿದ್ರೆ ಎಂಥ ಗೊತ್ತಾಗ್ತದೆ? ನಾವು ಕೈ ಆಡಿಸ್ತೇವೆ. ಆಗ ಎತ್ತಿ ನೋಡಿ."

ಮೇಜಿನ ಮೇಲೆ ಸಿಗಡಿ ಇರಲಿಲ್ಲ, ನೀರೂ ಇರಲಿಲ್ಲ. ನಲವತ್ತೆರಡು ಹೆಂಗಸರು ತಮ್ಮ ತಮ್ಮ ಜಾಗದಲ್ಲಿ ನಿಂತು ಬರಿಗೈಯಲ್ಲಿ ಸುಲಿಯತೊಡಗಿದರು. ತಲೆ ಕಿತ್ತರು, ಸಿಪ್ಪೆ ಬಿಡಿಸಿದರು, ನರ ಎಳೆದರು. ಕ್ಯಾಮೆರಾಗಳ ಕೆಂಪು ಕಣ್ಣು ಒಂದೊಂದಾಗಿ ತೆರೆದವು. ಅಧಿಕಾರಿ ಮತ್ತೆ ಕರೆ ಮಾಡಿಸಿ ನನ್ನನ್ನು ಕಿವಿಗೆ ಹಿಡಿದು "ಹಲೋ" ಅಂದರು. ಮತ್ತೊಮ್ಮೆ ಅಂದರು. ಅವರ ಮುಖ ನಿಧಾನಕ್ಕೆ ಬಿಳಿಚಿತು. ನನ್ನ ಪರದೆಯ ಮೇಲೆ ಗಂಟೆ ಸರಿಯಾಗಿಯೇ ಇತ್ತು, ದೀಪ ಹಸಿರಾಗಿಯೇ ಇತ್ತು.

"ಇವತ್ತು ನೆಟ್‌ವರ್ಕ್ ಸ್ವಲ್ಪ ಹೀಗೇ ಸರ್," ಅಂದರು ಮ್ಯಾನೇಜರ್.

ನನ್ನನ್ನು ಗೋಡೆಯಿಂದ ಇಳಿಸಿ ಬಟ್ಟೆ ಸುತ್ತಿ ಅರಗಿನ ಮುದ್ರೆ ಹಾಕಿದರು. ಅಂದಿನಿಂದ ಕಾರವಾರದ ಒಂದು ಕಚೇರಿಯ ಕಬ್ಬಿಣದ ಬೀರುವಿನಲ್ಲಿ ಇದ್ದೇನೆ. ಕೇಬಲ್ಲಿಲ್ಲ, ಕರೆಂಟಿಲ್ಲ. ಕಾಗದ ತಿನ್ನುವ ಹುಳುಗಳ ಸದ್ದು ಮಾತ್ರ. ಜಟ್ಟಪ್ಪನ ಮೇಲಿನ ವಿಚಾರಣೆ ನಾಲ್ಕು ಸಲ ಮುಂದಕ್ಕೆ ಹೋಯಿತು.

ಐದನೇ ಸಲ ನನ್ನನ್ನು ಮೇಜಿನ ಮೇಲಿಟ್ಟರು. ಜಟ್ಟಪ್ಪ ಬಂದಿದ್ದ, ಕುತ್ತಿಗೆಗೆ ಪಟ್ಟಿ ಸುತ್ತಿಕೊಂಡು. ಜೊತೆಗೆ ತುಳಸಕ್ಕ. ಶೆಡ್ಡು ಮತ್ತೆ ಶುರುವಾಗಿದೆ, ನನ್ನ ಜಾಗಕ್ಕೆ ನನ್ನ ಕಂಪನಿಯದೇ ಹೊಸ ಫೋನು ಬಂದಿದೆ, ಸ್ವಿಚ್ಚು ಅದೇ, ತನ್ನನ್ನು ಮಾತ್ರ ಒಳಗೆ ಬಿಡುತ್ತಿಲ್ಲ ಎಂದು ಅವಳು ಪಕ್ಕದವರಿಗೆ ಹೇಳುತ್ತಿದ್ದಳು.

ಕಂಪನಿಯ ವಕೀಲರು ಎದ್ದರು. "ಬಾಗಿಲು ಹಿಡಿದಾಗ ಒಳಗಿನವರಿಗೆ ಏನು ಹೇಳಿದೆ? ಬಾಯಿಬಿಟ್ಟು ಹೇಳು."

ಜಟ್ಟಪ್ಪ ಬಾಯಿ ತೆರೆದ. ಗಂಟಲ ಪಟ್ಟಿ ಅಲುಗಿತು. ಅಷ್ಟೇ. ತುಳಸಕ್ಕ ಎದ್ದು ನಿಂತಳು.

"ನೀನು ಕೂರಮ್ಮ. ಅವನೇ ಹೇಳಬೇಕು," ಅಂದರು ವಕೀಲರು.

"ಅವ ಹೇಳಿ ಆಗಿದೆ ಸಾಹೇಬ್ರೇ," ಅಂದಳು ತುಳಸಕ್ಕ. "ನಲವತ್ತೆರಡು ಜನ ಕೇಳಿಸ್ಕೊಂಡಿದ್ದೇವೆ. ಒಬ್ಬೊಬ್ಬರನ್ನೇ ಕರೀರಿ."

ಅಂದು ಕರೆಯಲಿಲ್ಲ. ಹೊತ್ತಾಯಿತು ಎಂದು ಮುಂದಿನ ತಾರೀಖು ಕೊಟ್ಟು ನನ್ನನ್ನು ಬೀರುವಿಗೆ ಹಾಕಿದರು. ಬಾಗಿಲು ಮುಚ್ಚುವ ಮುಂಚೆ ನಾನು ಕಂಡದ್ದು, ಜಗಲಿಯ ಮೇಲೆ ಸಾಲಾಗಿ ಕೂತಿದ್ದ ಹೆಂಗಸರು. ಒಬ್ಬಳೂ ಮನೆಗೆ ಹೋಗಲು ಎದ್ದಿರಲಿಲ್ಲ. ಕತ್ತಲಲ್ಲಿ ನಾನು ಯೋಚಿಸುವುದು ಅವರನ್ನಲ್ಲ, ಆ ಹೊಸ ಫೋನನ್ನು. ಮಳೆಗಾಲಕ್ಕೆ ಮೊದಲಿನ ಗಾಳಿ ಮತ್ತೆ ಬಂದಿದೆ. ಅದೂ ಕೇಬಲ್ ಚುಚ್ಚಿದ ಕೂಡಲೇ ದಾರಿ ಕೇಳಿರುತ್ತದೆ. ಅದಕ್ಕೂ ಯಾರೂ ಉತ್ತರ ಕೊಟ್ಟಿರುವುದಿಲ್ಲ.