ಕನ್ನಡಕ ಅಳಿಸಿದ ಮುಖ

ನಾನು ಒಂದು ಐಕಾನ್. ನೂರು ಚುಕ್ಕಿ ಅಗಲ, ನೂರು ಚುಕ್ಕಿ ಎತ್ತರ. ನಿಮ್ಮ ಹೆಬ್ಬೆರಳನ್ನು ಪರದೆಯ ಮೇಲಿಟ್ಟರೆ ಪೂರ್ತಿ ಮುಚ್ಚಿಹೋಗುತ್ತೇನೆ. ಇಷ್ಟು ಸಣ್ಣದಕ್ಕೆ ಆತ್ಮಕಥೆಯ ಕೇಡು ಬೇರೆ ಎಂದು ನೀವು ನಗಬಹುದು. ನಗಿ, ಬೇಜಾರಿಲ್ಲ. ನಾನೂ ನಗುವ ಮುಖವೇ. ನನ್ನನ್ನು ಮಾಡಿದವಳು ನನಗಿಟ್ಟ ಹೆಸರೇ 'ನಗು'.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಮ್ಮ ಜಾತಿಯವರನ್ನು ಯಾರಾದರೂ ನಕಲು ಮಾಡಿಕೊಂಡರೆ ನಾವು ಇಬ್ಬರಾಗುವುದಿಲ್ಲ. ಒಬ್ಬರೇ ಎರಡು ಕಡೆ ಇರುತ್ತೇವೆ, ಎರಡು ಕಡೆಯೂ ನೋಡುತ್ತೇವೆ. ಇದು ವರವೆಂದು ನಾನು ಬಹಳ ದಿನ ತಿಳಿದುಕೊಂಡಿದ್ದೆ.

ನಾನು ಹುಟ್ಟಿದ್ದು ಗದಗಿನ ಒಂದು ಮನೆಯಲ್ಲಿ, ಬೇಸಿಗೆ ರಜೆಯ ಮಧ್ಯಾಹ್ನ, ಹದಿನೇಳು ವರ್ಷದ ಮಂದಾರಾಳ ಕೈಯಲ್ಲಿ. ಇಂಟರ್ನೆಟ್ಟಿನಲ್ಲಿ 'ನವಿಲುಕೋಟೆ' ಎಂಬ ಆಟವಿತ್ತು. ನಲವತ್ತು ಮಂದಿ ಸೇರಿ ಬರೆದು ಆಡುವ ನಾಟಕ ಅದು. ಒಬ್ಬರು ರಾಜ, ಒಬ್ಬರು ಬೇಹುಗಾರ, ಒಬ್ಬರು ಅಡುಗೆಯವಳು. ಯಾರೂ ಯಾರನ್ನೂ ಕಣ್ಣಾರೆ ಕಂಡವರಲ್ಲ. ಪಾತ್ರ ಆಡುವ ಪ್ರತಿ ಮಾತಿನ ಪಕ್ಕದಲ್ಲೂ ಅದರ ಮುಖ ಇರಬೇಕು. ಸಿಟ್ಟಿನ ಮಾತಿಗೆ ಸಿಟ್ಟಿನ ಮುಖ, ಅಳುವಿಗೆ ಅಳುವ ಮುಖ. ಆ ಮುಖಗಳೇ ನಾವು.

ಮುಖ ಆರಿಸುವುದಕ್ಕೆ ಕೋಟೆಯಲ್ಲಿ ಕಟ್ಟುನಿಟ್ಟಾದ ನಿಯಮಗಳಿದ್ದವು. ಒಬ್ಬರು ಹಿಡಿದ ಮುಖ ಇನ್ನೊಬ್ಬರಿಗಿಲ್ಲ. ಒಬ್ಬಳೇ ನಟಿಗಾಗಿ ಮೂವರು ಕಚ್ಚಾಡಿದ ಮೇಲೆ ಸಿನಿಮಾದವರ ಮುಖ ಯಾರಿಗೂ ಇಲ್ಲವೆಂದಾಯಿತು. ಇನ್ನೊಬ್ಬರು ಮಾಡಿದ ಐಕಾನನ್ನು ಎತ್ತಿಕೊಂಡವರನ್ನು ಕೋಟೆಯಿಂದಲೇ ಹೊರಗೆ ಹಾಕುತ್ತಿದ್ದರು. ಪಾತ್ರ ಸತ್ತರೆ ಅದರ ಐಕಾನಿನ ಬಣ್ಣ ತೆಗೆದು ಬೂದಿ ಮಾಡುವುದು ಅಲ್ಲಿಯ ಪದ್ಧತಿ.

ಮಂದಾರಾಳ ಪಾತ್ರದ ಹೆಸರು ಮುದ್ದಾಜಿ, ಏಳನೆಯ ಬಾಗಿಲ ಕಾವಲುಗಾತಿ. ಅವಳಿಗೊಂದು ಮುಖಕ್ಕಾಗಿ ಹುಡುಗಿ ಎಂಟು ದಿನ ತಡಕಾಡಿದಳು. ವಿದೇಶದ ಮಾಡೆಲುಗಳ ಮುಖ ಬೇಕಾದಷ್ಟಿದ್ದವು, ಆದರೆ ಅವರಲ್ಲಿ ಯಾರೂ ಜೋಳದ ರೊಟ್ಟಿ ತಿಂದವರ ಹಾಗೆ ಕಾಣಲಿಲ್ಲ. ಒಂಬತ್ತನೆಯ ದಿನ ಅವ್ವನ ಫೋನಿಗೆ ಒಂದು ಫೋಟೊ ಬಂತು.

ಅದು ಕಸ್ತೂರಿಯ ಫೋಟೊ. ಕಸ್ತೂರಿ ಎಂದರೆ ಮಂದಾರಾಳ ತಾಯಿ ಶಕುಂತಲಾಳ ಒಡಹುಟ್ಟಿದ ತಂಗಿ. ಗಂಡ ಪ್ರಭುಲಿಂಗನ ಹೊಡೆತಗಳನ್ನು ಆರು ವರ್ಷ ತಿಂದು, ಒಂದು ದಿನ ಉಟ್ಟ ಬಟ್ಟೆಯಲ್ಲಿ ಮನೆ ಬಿಟ್ಟವಳು. ಅವಳು ಹೋದ ವಾರ ಪ್ರಭುಲಿಂಗ ಇದೇ ಮನೆಯ ಹೊಸ್ತಿಲ ಮೇಲೆ ಕುಳಿತು ಮೊದಲು ಗೊಳೋ ಎಂದು ಅತ್ತಿದ್ದನಂತೆ. ಆಮೇಲೆ ಕಣ್ಣೊರೆಸಿಕೊಂಡು, ಮೆಲ್ಲಗೆ, “ಎಲ್ಲೆರ ಇರ್ಲಿ, ಒಂದಿನ ಸಿಗತಾಳ. ಸಿಕ್ಕ ದಿನಾ ಅಕಿನ್ನ ಉಳಸೂದಿಲ್ಲ” ಎಂದು ಹೇಳಿ ಎದ್ದು ಹೋದ. ಅವನು ಕೂಗಾಡಿದ್ದರೆ ಶಕುಂತಲಾಗೆ ಅಷ್ಟು ಭಯವಾಗುತ್ತಿರಲಿಲ್ಲ.

ಕಸ್ತೂರಿ ದೂರದ ಒಂದು ಊರಿನಲ್ಲಿ, ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದಿದ್ದಳು. ಆ ಊರಿನ ಹೆಸರು ನಾನು ಹೇಳುವುದಿಲ್ಲ. ಹೇಳಬಾರದ್ದನ್ನು ನನ್ನ ಕಡೆಯಿಂದ ಈಗಾಗಲೇ ಸಾಕಷ್ಟು ಹೇಳಿಯಾಗಿದೆ. ಮೊಳಕಾಲುದ್ದ ಇದ್ದ ಜಡೆಯನ್ನು ಅವಳು ಕಿವಿಯ ಮಟ್ಟಕ್ಕೆ ಕತ್ತರಿಸಿಕೊಂಡಿದ್ದಳು. ಕಣ್ಣಿಗೆ ಏನೂ ಆಗಿರದಿದ್ದರೂ ದಪ್ಪ ಅಂಚಿನ ದುಂಡು ಕನ್ನಡಕ ಹಾಕಿಕೊಂಡಿದ್ದಳು. ಅದರ ಗಾಜು ಬರೀ ಗಾಜು. ಆ ವೇಷದಲ್ಲಿ ಅಂಗಡಿಯ ಮುಂದೆ ನಿಂತು, ಹಲ್ಲು ಕಾಣುವಂತೆ ನಗುತ್ತ ತೆಗೆಸಿಕೊಂಡ ಫೋಟೊ ಅದು. ಕೆಳಗೆ “ನೋಡಿ ಅಳಿಸಿಬಿಡಕ್ಕ” ಎಂದು ಬರೆದಿದ್ದಳು.

ಶಕುಂತಲಾ ಅಳಿಸುವ ಮುಂಚೆ ಮಗಳಿಗೆ ತೋರಿಸಿದಳು. “ನೋಡಲ್ಲಿ, ಎಷ್ಟ್ ವರ್ಷಾತು ನಿಮ್ಮ ಚಿಗವ್ವ ಹಿಂಗ ನಕ್ಕು” ಎಂದು ಕಣ್ಣು ತುಂಬಿಕೊಂಡಳು. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದು ಒಳಗೆ ಓಡಿದಳು. ಅವಳು ರೊಟ್ಟಿ ತಿರುವಿ ಬರುವುದರೊಳಗೆ ಮಂದಾರಾ ಆ ಫೋಟೊವನ್ನು ತನಗೆ ಕಳಿಸಿಕೊಂಡು, ಕಳಿಸಿದ ಗುರುತನ್ನೂ ಅಳಿಸಿದ್ದಳು.

ಹುಡುಗಿ ಕೆಟ್ಟವಳೆಂದು ತಿಳಿಯಬೇಡಿ. ಆ ನಗು ಅವಳಿಗೆ ಅಷ್ಟು ಹಿಡಿಸಿತ್ತು. ಉಗುರಿನಷ್ಟು ಚಿತ್ರ, ಗುರುತಿಲ್ಲದ ನಲವತ್ತು ಜನ, ಯಾರಿಗೆ ಏನು ತಿಳಿಯುತ್ತದೆ ಎಂಬುದು ಅವಳ ಲೆಕ್ಕ.

ಮೊದಲು ಅವಳು ಕತ್ತರಿಸಿದಳು. ಅಂಗಡಿಯ ಬೋರ್ಡು ಹೋಯಿತು, ಎಡಕ್ಕಿದ್ದ ಬಸ್ ನಿಲ್ದಾಣದ ಕಮಾನು ಹೋಯಿತು, ಮುಖ ಮಾತ್ರ ಉಳಿಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲವೋ ಏನೋ. ಆದರೆ ಕೋಟೆಯ ಕಾವಲುಗಾತಿಗೆ ದುಂಡು ಕನ್ನಡಕ ಎಲ್ಲಿಂದ ಬರಬೇಕು? ಮೂರು ಮಧ್ಯಾಹ್ನ ಕುಳಿತು, ಒಂದೊಂದೇ ಚುಕ್ಕಿ ತುಂಬಿ, ಅವಳು ಕನ್ನಡಕವನ್ನು ಅಳಿಸಿದಳು. ಹುಬ್ಬು ತಿದ್ದಿದಳು. ಹೆಗಲ ಮೇಲೆ ಉದ್ದನೆಯ ಜಡೆ ಎಳೆದಳು. ಹನ್ನೊಂದು ತಿಂಗಳು ಪಾಡುಪಟ್ಟು ಕಸ್ತೂರಿ ಮರೆಸಿಟ್ಟಿದ್ದ ಹಳೆಯ ಮುಖ ಹೀಗೆ ನನ್ನಲ್ಲಿ ವಾಪಸ್ಸು ಬಂತು. ಮಂದಾರಾ ಹಿಂದಕ್ಕೆ ಸರಿದು ನನ್ನನ್ನು ನೋಡಿ, ಚೆಂದ ಆಗಿದೆ ಎಂದುಕೊಂಡಳು. ನಿಜಕ್ಕೂ ಚೆಂದ ಇದ್ದೆ.

ಇಷ್ಟು ಅಚ್ಚುಕಟ್ಟಾದ ಕೆಲಸ ಅವಳಿಗೆ ಕಲಿಸಿದವನು ಯಾರು ಗೊತ್ತೇ? ಅದೇ ಪ್ರಭುಲಿಂಗ ಕಾಕಾ. ಅವನದು ಫ್ಲೆಕ್ಸ್ ಬ್ಯಾನರ್ ಅಂಗಡಿ. ಕಸ್ತೂರಿ ಇನ್ನೂ ಆ ಮನೆಯಲ್ಲಿದ್ದಾಗ ಮಂದಾರಾ ಶಾಲೆ ಬಿಟ್ಟೊಡನೆ ಅಲ್ಲಿಗೆ ಹೋಗಿ ಅವನ ಕಂಪ್ಯೂಟರಿನ ಮುಂದೆ ಕುಳಿತಿರುತ್ತಿದ್ದಳು. ನವಿಲುಕೋಟೆಗೆ ಅವಳು ಮೊದಲು ಸೇರಿದ್ದೂ ಆ ಕಂಪ್ಯೂಟರಿನಿಂದಲೇ. ಕಣ್ಣು ಚೌಕದ ಯಾವ ಎತ್ತರಕ್ಕೆ ಬರಬೇಕು, ಚರ್ಮದ ಬಣ್ಣ ಹೇಗೆ ಹದ ಮಾಡಬೇಕು, ಎಲ್ಲವನ್ನೂ ಅವನೇ ಹೇಳಿಕೊಟ್ಟ. ಅವನ ಬ್ಯಾನರುಗಳ ಸುತ್ತ ಹಳದಿ ಗೆರೆಯ ಚೌಕಟ್ಟು ಇರುತ್ತಿತ್ತು, ಆದರೆ ನಾಲ್ಕು ಮೂಲೆಯಲ್ಲೂ ಗೆರೆ ಕೂಡುತ್ತಿರಲಿಲ್ಲ, ಅಕ್ಕಿಕಾಳಿನಷ್ಟು ಜಾಗ ಬಿಡುತ್ತಿದ್ದ. “ಮೂಲಿ ಕೂಡಸಬ್ಯಾಡ. ಚಿತ್ರಕ್ಕ ಉಸರಾಡಾಕ ಜಾಗಾ ಬೇಕು” ಎನ್ನುತ್ತಿದ್ದ. ಹೆಂಡತಿಗೆ ಅಷ್ಟು ಜಾಗವನ್ನೂ ಬಿಡದವನು. ಚಿಗವ್ವ ಮನೆ ಬಿಟ್ಟ ಮೇಲೆ ಮಂದಾರಾ ಅವನ ಮೇಲಿನ ಸಿಟ್ಟಿಗೆ ತನ್ನ ಚಿತ್ರಗಳ ಮೂಲೆಗಳನ್ನೆಲ್ಲ ಕೂಡಿಸತೊಡಗಿದಳು. ನನ್ನವೂ ಕೂಡಿಕೊಂಡಿವೆ.

ಕೋಟೆಯಲ್ಲಿ ನನಗೆ ಒಳ್ಳೆಯ ದಿನಗಳಿದ್ದವು. ಮುದ್ದಾಜಿ ಮಾತಾಡಿದಾಗೆಲ್ಲ ನನ್ನನ್ನು ನೋಡಿ ಜನ ಹೊಗಳಿದರು. ಈ ಮುಖ ಎಲ್ಲಿ ಸಿಕ್ಕಿತೆಂದು ಕೇಳಿದವರಿಗೆ ಮಂದಾರಾ ಗುಟ್ಟು ಬಿಡಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಹೊಸಬನೊಬ್ಬ ಸೇರಿದ. ಪಾತ್ರದ ಹೆಸರು ದಳವಾಯಿ. ಅವನ ಐಕಾನಿನಲ್ಲಿ ಮುಖವೇ ಇರಲಿಲ್ಲ. ಬೆನ್ನು ಮಾಡಿ ನಿಂತ ಗಂಡಸಿನ ತಲೆಯ ಹಿಂಭಾಗ ಅಷ್ಟೇ. ಪುಟದಲ್ಲಿ ಅವನ ಮಾತಿನ ಕೆಳಗೆ ನನ್ನ ಮಾತು ಬರುತ್ತಿದ್ದುದರಿಂದ ನಾನು ಸದಾ ಆ ಹೆಡತಲೆಯ ಕೆಳಗೇ ಕೂರಬೇಕಿತ್ತು. ಅದು ಯಾವ ಗಳಿಗೆಯಲ್ಲಾದರೂ ತಿರುಗೀತು ಅನ್ನಿಸುತ್ತಿತ್ತು. ಅವನು ರಾಜನನ್ನು ಕೇಳಲಿಲ್ಲ, ಬೇಹುಗಾರನನ್ನು ಕೇಳಲಿಲ್ಲ. ಮುದ್ದಾಜಿಯನ್ನು ಮಾತ್ರ ಮಾತಾಡಿಸಿದ. ಬಂದ ದಿನವೇ ನನ್ನನ್ನು ತನ್ನ ಕಂಪ್ಯೂಟರಿಗೆ ಇಳಿಸಿಕೊಂಡ.

ಆಗ ನಾನು ಅವನನ್ನು ಕಂಡೆ. ಫ್ಲೆಕ್ಸ್ ಅಂಗಡಿ, ಬಣ್ಣದ ವಾಸನೆ, ಪರದೆಯ ಮುಂದೆ ಒಬ್ಬ ಗಂಡಸು. ಅವನು ನನ್ನನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ನಾನು ಬರೀ ಚುಕ್ಕಿಗಳಾಗಿ ಒಡೆದುಹೋಗುವವರೆಗೆ ನೋಡಿದ. ಕನ್ನಡಕ ಇದ್ದ ಕಡೆ ಬೆರಳಿಟ್ಟು, “ಇಲ್ಲೇನೋ ಅಳಿಸ್ಯಾಳ” ಎಂದ. ಕಲಿಸಿದವನಿಗೆ ಶಿಷ್ಯೆಯ ಕೈ ಗೊತ್ತಾಗದೆ ಇರುತ್ತದೆಯೇ?

ಅವನು ಅವಸರ ಮಾಡಲಿಲ್ಲ. ಮೊದಲು ಮುದ್ದಾಜಿಯ ಅಳುವ ಐಕಾನ್ ಇಲ್ಲವೇ ಎಂದು ಕೇಳಿದ. ಮಂದಾರಾ ನನ್ನ ಕೆನ್ನೆಗೆ ಎರಡು ಹನಿ ಹಚ್ಚಿ ಕೊಟ್ಟಳು. ಅದನ್ನು ಹೊಗಳಿ, ಮೂಲೆ ಕೂಡಿಸಿದ್ದೀರಲ್ಲ, ಚಿತ್ರಕ್ಕೆ ಉಸಿರಾಡಲು ಜಾಗ ಬೇಡವೇ ಎಂದು ಬರೆದ. ಅದನ್ನು ಓದಿದಾಗ ಮಂದಾರಾಳ ಕೈ ಒಂದು ಕ್ಷಣ ನಿಂತಿತು. ಆದರೆ ಅದರ ಕೆಳಗೆ ಇನ್ನೂ ಎರಡು ಸಾಲು ಹೊಗಳಿಕೆ ಇತ್ತು. ಅವಳ ಕಣ್ಣು ಅಲ್ಲಿಗೆ ಜಾರಿತು. ಮುದ್ದಾಜಿಗೊಂದು ದೊಡ್ಡ ಪಟ ಮಾಡಿಕೊಡುತ್ತೇನೆ, ಕತ್ತರಿಸದ ಮೂಲ ಫೋಟೊ ಕಳಿಸಿ ಎಂದ. ಅವಳು ಒಲ್ಲೆ ಎಂದಳು. ನನಗೆ ಜೀವ ಬಂದಂತಾಯಿತು.

ಮರುವಾರ ಕೋಟೆಯ ಎಲ್ಲರೂ ಓದುವ ಪುಟದಲ್ಲಿ ದಳವಾಯಿಯ ಒಂದು ಪ್ರಶ್ನೆ ಬಂತು. ಮುದ್ದಾಜಿಯ ಮುಖ ಆ ಪಾತ್ರ ಆಡುವವರೇ ಮಾಡಿದ್ದೇ, ಅಥವಾ ಬೇರೆ ಯಾರದೋ ಐಕಾನನ್ನು ಎತ್ತಿಕೊಂಡದ್ದೇ? ಅನುಮಾನವಿದೆ, ತಪ್ಪಿದ್ದರೆ ಕ್ಷಮಿಸಿ ಎಂದು ಬಹಳ ವಿನಯದಿಂದ ಬರೆದಿದ್ದ.

ಐಕಾನ್ ಮಾಡುವವರಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. ಕಳ್ಳಿ ಎನ್ನಿಸಿಕೊಳ್ಳುವುದರ ಮುಂದೆ ಉಳಿದದ್ದೆಲ್ಲ ಅವಳಿಗೆ ಸಣ್ಣದಾಗಿ ಕಂಡಿತು. ಇಡೀ ದಿನ ಊಟ ಬಿಟ್ಟು ಕುಳಿತಳು. ತಾನೇ ಮಾಡಿದ್ದು ಎಂಬುದಕ್ಕೆ ಇದ್ದ ಸಾಕ್ಷಿ ಒಂದೇ, ಕನ್ನಡಕ ಇರುವ ಮೂಲ ಫೋಟೊ. ಎಲ್ಲರಿಗೂ ತೋರಿಸುವುದು ಬೇಡ, ಕೇಳಿದವನಿಗೆ ಮಾತ್ರ ತೋರಿಸುತ್ತೇನೆ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ನಾನು ಬೇಡವೆಂದು ಕೂಗಬೇಕಿತ್ತು. ನನ್ನ ಬಾಯಿಯೋ ನಗುವುದಕ್ಕಲ್ಲದೆ ಬೇರೆ ಯಾವುದಕ್ಕೂ ತೆರೆದದ್ದಲ್ಲ. ಅವಳ ಬೆರಳು ಒತ್ತಿತು. ಬೋರ್ಡು, ಕಮಾನು, ಅಂಗಡಿಯ ಫೋನ್ ನಂಬರು, ನನ್ನಿಂದ ಕತ್ತರಿಸಿದ್ದೆಲ್ಲವೂ ಅವನ ಪರದೆಯ ಮೇಲೆ ಬಿಚ್ಚಿಕೊಂಡಿತು. ಅವನು ನನ್ನನ್ನೂ ಅದನ್ನೂ ಫೋನಿಗೆ ಹಾಕಿಕೊಂಡು, ಸಂಜೆ ಆರಕ್ಕೆ ಅಂಗಡಿಯ ಬಾಗಿಲು ಎಳೆದ.

ಮಾರನೆಯ ದಿನ ಮಧ್ಯಾಹ್ನ ಒಂದು ಗಂಟೆಗೆ ಮಂದಾರಾಳಿಗೆ ಪಟ ಬಂತು. ಅಗಲವಾದ ಪಟ, ನಡುವೆ ನಾನು, ಸುತ್ತ ಹಳದಿ ಗೆರೆ. ನಾಲ್ಕು ಮೂಲೆಯಲ್ಲೂ ಅಕ್ಕಿಕಾಳಿನಷ್ಟು ಜಾಗ ಬಿಟ್ಟಿತ್ತು. ಕೆಳಗೆ, “ಏಳನೆಯ ಬಾಗಿಲು ಎಲ್ಲಿದೆ ಎಂದು ತಿಳಿಯಿತು. ಬಂದು ನಿಂತಿದ್ದೇನೆ” ಎಂದಿತ್ತು.

ಅವಳು ಮೂಲೆಗಳನ್ನೇ ನೋಡುತ್ತ ಕುಳಿತಳು. ಆಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು.

“ಅವ್ವಾ, ಚಿಗವ್ವನ ಫೋಟೊ ನಾ ಕೊಟ್ಟೀನಿ.”

“ಯಾರಿಗ್ ಕೊಟ್ಟಿ?”

“ಕಾಕಾಗ.”

ಶಕುಂತಲಾ ಬೈಯಲಿಲ್ಲ, ಹೊಡೆಯಲಿಲ್ಲ. ಹಿಟ್ಟಿನ ಕೈಯಲ್ಲೇ ಫೋನ್ ಎತ್ತಿದಳು. ಎರಡು ಸಲ ಬಡಿದುಕೊಂಡು ನಿಂತಿತು. ಮೂರನೆಯ ಸಲ ಕಸ್ತೂರಿ ಎತ್ತಿದಳು. “ಹಿತ್ತಲ ಬಾಗಿಲಿಂದ ಹೋಗು. ಏನೂ ತಗೋಬ್ಯಾಡ, ಹೋಗು” ಎಂದು ಅಕ್ಕ ಹೇಳಿದಳು. ತಂಗಿ ಯಾಕೆಂದು ಕೇಳಲಿಲ್ಲ. ಅವಳು ಮನೆ ಬಿಟ್ಟ ದಿನದಿಂದ ಕಾಯುತ್ತಿದ್ದದ್ದು ಆ ಮಾತನ್ನೇ.

ಅಷ್ಟು ಹೊತ್ತಿಗೆ ನಾನು ಅವನ ಕೈಯಲ್ಲಿದ್ದೆ, ಅದೇ ಬೋರ್ಡಿನ ಕೆಳಗೆ. ಅಂಗಡಿಯ ಒಡತಿ ವಯಸ್ಸಾದವಳು. ಅವನು ಫೋನ್ ಮುಂದೆ ಹಿಡಿದು, ಈಕೆ ನನ್ನ ಹೆಂಡತಿ ಎಂದ. ಅವಳು ನನ್ನನ್ನೂ ನೋಡಿದಳು, ಅವನನ್ನೂ ನೋಡಿದಳು. ಊಟಕ್ಕೆ ಕೂತಿದ್ದಳು, ಕರೆಯುತ್ತೇನೆ ಎಂದು ಒಳಗೆ ಹೋದವಳು ಬಹಳ ನಿಧಾನವಾಗಿ ಬಂದು, ಇಲ್ಲವಲ್ಲ ಎಂದಳು. ಅದನ್ನು ಯಾವ ಕಡೆಯ ಕನ್ನಡದಲ್ಲಿ ಹೇಳಿದಳೆಂಬುದನ್ನೂ ನಾನು ನಿಮಗೆ ಹೇಳುವುದಿಲ್ಲ. ಅವನು ಒಳಕ್ಕೆ ನುಗ್ಗಿದ. ಹಿತ್ತಲ ಬಾಗಿಲು ತೆರೆದಿತ್ತು. ಬೆಂಚಿನ ಮೇಲೆ ಅರ್ಧ ಉಂಡ ಡಬ್ಬಿ, ಅದರ ಪಕ್ಕದಲ್ಲಿ ದುಂಡು ಕನ್ನಡಕ. ಆ ಮುಖದ ಗುಟ್ಟು ಬಯಲಾಯಿತೆಂದು ಅವಳು ಅದನ್ನೂ ಬಿಟ್ಟು ಹೋಗಿದ್ದಳು. ಅವನು ಅನ್ನಕ್ಕೆ ಬೆರಳಿಟ್ಟು ನೋಡಿದ. ಇನ್ನೂ ಬೆಚ್ಚಗಿತ್ತು. ಸಂಜೆಯವರೆಗೆ ಆ ಬೆಂಚಿನ ಮೇಲೆಯೇ ಕುಳಿತಿದ್ದು, ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಎದ್ದ.

ಅವಳು ಆ ದಿನ ಉಳಿದಳು. ನನ್ನಿಂದಾಗಿ ಅಲ್ಲ.

ಶಕುಂತಲಾ ಠಾಣೆಗೆ ಹೋದಳು. ಫೋಟೊ ನೋಡಿಕೊಂಡು ಹೆಂಡತಿಯನ್ನು ಹುಡುಕಿದ್ದು ಯಾವ ಅಪರಾಧ ಎಂದು ಅಲ್ಲಿ ಕೇಳಿದರಂತೆ. ಮಂದಾರಾ ಮುದ್ದಾಜಿಯನ್ನು ಸಾಯಿಸಿ, ನನ್ನ ಬಣ್ಣ ತೆಗೆದು ಬೂದಿ ಮಾಡಿ, ಕೋಟೆಯಿಂದ ಹೊರಬಿದ್ದಳು. ಆಮೇಲೆ ಅವಳು ಯಾವ ಮುಖವನ್ನೂ ಕತ್ತರಿಸಲಿಲ್ಲ. ತಂಗಿಯಿಂದ ಅಕ್ಕನಿಗೆ ಈಗ ಫೋಟೊ ಬರುವುದಿಲ್ಲ. ಯಾವಾಗಲಾದರೊಮ್ಮೆ ಗೊತ್ತಿಲ್ಲದ ನಂಬರಿನಿಂದ ದನಿ ಬರುತ್ತದೆ, ಒಂದೆರಡು ಮಾತಾಡಿ ನಿಂತುಹೋಗುತ್ತದೆ. ಅವಳ ಮೂರನೆಯ ಮುಖ ಹೇಗಿದೆಯೋ ನನಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಈಗ ನನಗೆ ವಯಸ್ಸಾಯಿತು. ನವಿಲುಕೋಟೆಯಲ್ಲಿ ಯಾರೂ ಇಲ್ಲ, ನನ್ನ ಬೂದಿ ಬಣ್ಣದ ಮುಖವನ್ನು ನೋಡುವವರಿಲ್ಲ. ಬಣ್ಣ ಉಳಿದಿರುವುದು ಒಂದೇ ಕಡೆ, ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ, ಹಳೆಯ ಬ್ಯಾನರುಗಳ ನಡುವಿನ ಒಂದು ಫೋಲ್ಡರಿನಲ್ಲಿ. ಪರದೆಯ ಮುಂದೆ, ಮೇಜಿನ ಮೇಲೆ, ಆ ದುಂಡು ಕನ್ನಡಕ ಇದೆ. ನನ್ನ ಮುಖದಿಂದ ಅಳಿಸಿದ್ದು ನನ್ನನ್ನೇ ನೋಡುತ್ತ ಕೂತಿದೆ.

ಪ್ರಭುಲಿಂಗ ದಿನಾ ಬೆಳಿಗ್ಗೆ ಊದುಬತ್ತಿ ಹಚ್ಚಿ ನನ್ನನ್ನು ತೆರೆಯುತ್ತಾನೆ. ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಆಟಗಳಿಗೆ ಸೇರಿದ್ದಾನೆ. ಅಲ್ಲಿಯ ಹೊಸ ಮುಖಗಳನ್ನು ಒಂದೊಂದಾಗಿ ಇಳಿಸಿ ನನ್ನ ಪಕ್ಕಕ್ಕಿಟ್ಟು ಹೋಲಿಸುತ್ತಾನೆ. ಎಲ್ಲೋ ಯಾವುದೋ ಮನೆಯಲ್ಲಿ, ಒಬ್ಬ ಹುಡುಗಿಗೆ ಹೊಸದಾಗಿ ಬಂದ ಪಕ್ಕದ ಮನೆಯಾಕೆಯ ನಗು ಹಿಡಿಸಿ, ಉಗುರಿನಷ್ಟು ಕತ್ತರಿಸಿಕೊಂಡರೆ ಸಾಕು. ಪ್ರತಿ ಮುಖವನ್ನೂ ಅವನಿಗಿಂತ ಮೊದಲು ನಾನು ನೋಡಿ ಮುಗಿಸುತ್ತೇನೆ, ಆ ನಗು ಆಗದಿರಲಿ ಎಂದು ಬೇಡಿಕೊಳ್ಳುತ್ತೇನೆ. ಇವತ್ತು ಹನ್ನೆರಡು ಮುಖ ಬಂದವು. ಹನ್ನೆರಡನೆಯದನ್ನು ಅವನು ಬಹಳ ಹೊತ್ತು ನೋಡಿದ, ಮೇಜಿನ ಮೇಲಿನ ಕನ್ನಡಕ ಎತ್ತಿ ಪರದೆಯ ಮೇಲೆ ಆ ಕಣ್ಣುಗಳಿಗೆ ಹಿಡಿದು ನೋಡಿದ.

“ಅಕಿ ಅಲ್ಲ” ಎಂದು ಕೆಳಗಿಟ್ಟ. ಇವತ್ತಿಗೆ ಅಷ್ಟೇ.